ಕನ್ನಡಿಯೊಳಗಿನ ಎಡಗಾಲು

ಪ್ಯಾರಿಸ್, ೫ ಮಾರ್ಚ್ ೧೮೪೨

ಅಕ್ಕಾ,

ನಿನ್ನ ಕಾಗದ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸೌದೆ ವ್ಯಾಪಾರದ ವೋದ್ರಾನ್ ಸಾಹುಕಾರ, ಚರ್ಚಿನ ಮೊಕ್ತೇಸರ, ಶಾಲಾ ಸಮಿತಿಯ ದೊಡ್ಡ ಮನುಷ್ಯ! ವಾತ ಹಿಡಿದ ಎಡಗಾಲು ಎಳೆದುಕೊಂಡು ಹೋಗಿ, ತನ್ನದೇ ಸೌದೆ ರಾಶಿಗಳ ಸಂದಿಯಲ್ಲಿ ನಿಂತು, ಹೊಳೆಯಲ್ಲಿ ಬಟ್ಟೆ ಒಗೆಯುವ ಹುಡುಗಿಯರ ಮೊಣಕಾಲು ನೋಡುತ್ತಿದ್ದನಂತೆ! ನೀನು ಎರಡೇ ಸಾಲು ಬರೆದು ಮುಂದೆ ಹೋಗಿದ್ದೀಯ. ಆ ಎರಡು ಸಾಲಿಗಾಗಿ ನಾನು ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೆ.

ನಮ್ಮ ಕಷ್ಟ ನಿನಗೆ ಗೊತ್ತಲ್ಲ. ರಾಜನ ಚಿತ್ರ ಬರೆದರೆ ಜೈಲು, ಮಂತ್ರಿಯ ಚಿತ್ರ ಬರೆದರೆ ದಂಡ. ಈ ಕಾನೂನು ಬಂದು ಏಳು ವರ್ಷವಾಯಿತು. ಹಾಗಾಗಿ ನಾವು ವ್ಯಂಗ್ಯಚಿತ್ರದವರೆಲ್ಲ ಮನೆ ಬಾಡಿಗೆಗೆ ಕೊಡುವವನು, ವಕೀಲ, ದಪ್ಪ ಹೆಂಡತಿಯ ಸಣಕಲು ಗಂಡ ಇವರ ಮೇಲೆ ಬಿದ್ದಿದ್ದೇವೆ. ಅವರೂ ಮುಗಿಯುತ್ತ ಬಂದರು. ನಮ್ಮ ಪತ್ರಿಕೆಯ ಯಜಮಾನರು ಮೊನ್ನೆ ಮೇಜು ಗುದ್ದಿ, "ಪ್ಯಾರಿಸ್ಸಿನ ಮೂತಿಗಳನ್ನ ನೋಡಿ ನೋಡಿ ಜನಕ್ಕೆ ವಾಕರಿಕೆ ಬಂದಿದೆ ಕಣಯ್ಯ, ಹಳ್ಳಿ ಕಡೆ ಸಜ್ಜನರನ್ನ ತಗೊಂಬಾ!" ಅಂದರು. "ಊರಿನ ಸಜ್ಜನರು" ಅಂತಲೇ ಮಾಲೆಗೆ ಹೆಸರು. ಮೊದಲನೆಯ ಸಜ್ಜನ ನಿನ್ನ ಕೃಪೆಯಿಂದ ಸಿಕ್ಕ.

ಹೆಸರು ಹಾಕುವುದಿಲ್ಲ, ಮುಖದ ಮುಕ್ಕಾಲು ಟೋಪಿಯ ಕೆಳಗೆ ಇರುತ್ತದೆ. ಭಯ ಬೇಡ. ಇಂಥವು ಇನ್ನೂ ಇದ್ದರೆ ಬರೆ. ನಿನ್ನ ಇಸ್ತ್ರಿ ಅಂಗಡಿಗೆ ಬರದ ಸುದ್ದಿ ಕ್ಲಾಮ್ಸಿಯಲ್ಲಿ ಯಾವುದಿದೆ?

ನಿನ್ನ ತಮ್ಮ
ಫಿರ್ಮಿನ್


ಕ್ಲಾಮ್ಸಿ, ೧೯ ಮಾರ್ಚ್ ೧೮೪೨

ಫಿರ್ಮಿನ್,

ನಾನು ಅದನ್ನು ನಗಲಿ ಅಂತ ಬರೆದದ್ದಲ್ಲ.

ಎರಡೇ ಸಾಲು ಬರೆದದ್ದು ಯಾಕೆಂದರೆ ಮೂರನೆಯದನ್ನು ಬರೆಯಲು ಕೈ ಬರಲಿಲ್ಲ. ನನ್ನ ಹತ್ತಿರ ಕೆಲಸಕ್ಕಿರುವ ಜೆಲಿಗೆ ಹದಿನೈದು ವರ್ಷ. ಅವನು ನೋಡಿದ್ದಷ್ಟೇ ಅಲ್ಲ, ಹೊಳೆಯ ಮೆಟ್ಟಿಲ ಹತ್ತಿರ ಅವಳ ಕೈ ಹಿಡಿದು ಎಳೆದಿದ್ದಾನೆ. ಅವಳು ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಅಂದಿನಿಂದ ಒಗೆಯುವ ಕಟ್ಟೆಗೆ ಹೋಗುವುದಿಲ್ಲ ಅನ್ನುತ್ತಾಳೆ, ನಾನೇ ಹೋಗುತ್ತಿದ್ದೇನೆ. ಅವರಮ್ಮನಿಗೂ ಹೇಳಿಲ್ಲ, ನನಗೊಬ್ಬಳಿಗೇ ಹೇಳಿದ್ದು. ನಾನು ನಿನಗೊಬ್ಬನಿಗೇ ಬರೆದದ್ದು. ಆ ಚಿತ್ರ ಬೇಡ. ಬರೆದಿದ್ದರೆ ಹರಿದುಹಾಕು.

ವೋದ್ರಾನ್ ಮನೆಯ ಬಟ್ಟೆಯನ್ನೇ ನಾನು ಇಸ್ತ್ರಿ ಮಾಡುತ್ತೇನೆ ಅನ್ನುವುದೂ ನಿನ್ನ ನೆನಪಿನಲ್ಲಿರಲಿ.

ಬೇರೆ ಸುದ್ದಿ ಕೇಳಿದ್ದೀಯ. ಹೊಳೆ ತುಂಬಿದೆ, ಸೌದೆ ತೆಪ್ಪಗಳು ಪ್ಯಾರಿಸ್ಸಿಗೆ ಹೊರಟಿವೆ. ನಿನ್ನ ಗಾರ್ನೊ ಮೇಷ್ಟ್ರು ನಿನ್ನನ್ನು ಕೇಳುತ್ತಿರುತ್ತಾರೆ. ವಾರಕ್ಕೆ ಎರಡು ಸಲ ಕಾಲರ್ ಇಸ್ತ್ರಿಗೆ ತರುತ್ತಾರೆ. ಅವರ ಹತ್ತಿರ ಇರುವುದೇ ಮೂರು ಕಾಲರ್.

ಸೊಲಾಂಜ್


ಪ್ಯಾರಿಸ್, ೩ ಏಪ್ರಿಲ್ ೧೮೪೨

ಅಕ್ಕಾ,

ನಿನ್ನ ಕಾಗದ ತಡವಾಗಿ ಬಂತು. ಚಿತ್ರ ಕಾಗದದ ಮೇಲಿದ್ದಿದ್ದರೆ ಹರಿಯಬಹುದಿತ್ತು. ನಮ್ಮದು ಕಲ್ಲಚ್ಚು, ಬರೆಯುವುದು ಕಲ್ಲಿನ ಮೇಲೆ. ಆ ಕಲ್ಲು ಆಗಲೇ ಯಂತ್ರಕ್ಕೆ ಹೋಗಿತ್ತು. ಆ ಹುಡುಗಿಯ ವಿಷಯ ನನಗೇನು ಗೊತ್ತಿತ್ತು? ಚಿತ್ರದಲ್ಲಿ ಹುಡುಗಿಯರು ಇಲ್ಲವೇ ಇಲ್ಲ, ಒಗೆಯುವ ಬಟ್ಟೆಯ ಬುಟ್ಟಿ ಮಾತ್ರ. ನೋಡುವವನೊಬ್ಬನೇ ಇದ್ದಾನೆ. ಹಾಗಾಗಿ ಯಾರಿಗೂ ನೋವಿಲ್ಲ.

ಕೋಪ ಮಾಡಿಕೊಳ್ಳದೆ ಕೇಳು. ನಮ್ಮ ಪತ್ರಿಕೆಯ ಅಂಗಡಿಯ ಗಾಜಿನ ಕಿಟಕಿಯಲ್ಲಿ ಚಿತ್ರ ತೂಗುಹಾಕಿದ ದಿನ ರಸ್ತೆ ಕಟ್ಟಿಹೋಯಿತು. ಬಣ್ಣ ಹಾಕುವ ಹೆಂಗಸರು ಎಂಟು ಜನ ಒಂದೇ ಮೇಜಿಗೆ ಕೂರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಕೆಂಪು ಬಣ್ಣದವಳು ಮೂಗಿಗೆ ಕುಂಚ ಇಡುವಾಗ ನಕ್ಕು ನಕ್ಕು ಬಟ್ಟಲು ಉರುಳಿಸಿದಳು. ಎಲ್ಲರೂ ಹೊಗಳುತ್ತಿರುವುದು ಆ ನಡಿಗೆಯನ್ನು. ಕುಂಟು ಕಾಲು ಹಿಂದೆ, ಕೈ ತೊಡೆಯ ಮೇಲೆ, ಭುಜ ಇಳಿಬಿದ್ದು, ಕತ್ತು ಮಾತ್ರ ಮುಂದಕ್ಕೆ. "ಕಾಲು ಕುಂಟಿದ್ರೂ ಕಣ್ಣು ಕುಂಟಿಲ್ಲ ನೋಡಿ!" ಅಂದ ಒಬ್ಬ. ನಾನೂ ಗುಂಪಿನ ಮಧ್ಯೆ ನಿಂತಿದ್ದೆ.

ಚಿತ್ರದ ಕೆಳಗಿನ ಮಾತು ನನ್ನದಲ್ಲ. ಅದನ್ನು ಬರೆಯಲು ನಮ್ಮಲ್ಲಿ ಬೇರೆ ಆಸಾಮಿ ಇದ್ದಾನೆ. ಯಾರು, ಎಲ್ಲಿಯವರು ಅಂತ ಕೇಳುವುದೂ ಇಲ್ಲ, ಚಿತ್ರ ನೋಡಿ ತೋಚಿದ್ದು ಬರೆಯುತ್ತಾನೆ. ಇದಕ್ಕೆ ಬರೆದದ್ದು: "ಎಷ್ಟು ವಯಸ್ಸಾದರೂ ಕಲಿಯುವುದನ್ನು ಬಿಡಬಾರದು!"

ಯಜಮಾನರು ಇನ್ನು ಆರು ಚಿತ್ರ ಕೇಳಿದ್ದಾರೆ. ಮೇಷ್ಟ್ರು ಈ ವಯಸ್ಸಿನಲ್ಲಿ ಶೋಕಿ ಕಲಿತರೇ? ಅವರಿಗೆ ನನ್ನ ನಮಸ್ಕಾರ ಹೇಳು. ಬೇಡ, ಹೇಳಬೇಡ, ನಾನೇ ಬರೆಯುತ್ತೇನೆ.

ಫಿರ್ಮಿನ್


ಕ್ಲಾಮ್ಸಿ, ೧೨ ಮೇ ೧೮೪೨

ಫಿರ್ಮಿನ್,

ನಿನ್ನ ಚಿತ್ರ ಊರಿಗೆ ಬಂತು.

ಸೌದೆ ಇಳಿಸಿ ಪ್ಯಾರಿಸ್ಸಿನಿಂದ ನಡೆದು ವಾಪಸಾಗುವ ತೆಪ್ಪದವರಲ್ಲಿ ಬಾಸ್ತಿಯೆನ್ ಒಂದು ಪ್ರತಿ ಕೊಂಡಿದ್ದನಂತೆ. ಕೆಳಗೆ ನಿನ್ನ ಹೆಸರಿದೆ ಅಂತ ಯಾರೋ ಓದಿ ಹೇಳಿದ್ದಕ್ಕೆ ಹೆಮ್ಮೆ. ಐದು ದಿನ ಕೋಲಿಗೆ ಸುತ್ತಿ ಹೊತ್ತು ತಂದು ಸೇತುವೆ ಪಕ್ಕದ ಹೆಂಡದಂಗಡಿಯ ಗೋಡೆಗೆ ಅಂಟಿಸಿದ. ಸಂಜೆಯೊಳಗೆ ಊರಿಗೆ ಊರೇ ನೋಡಿತು. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಗುರುತು ಸಿಕ್ಕಿತು.

"ಬಲಗಾಲು ನೋಡ್ರೋ, ಬಲಗಾಲು! ಅದೇ ಕುಂಟು, ನಮ್ಮ ಗಾರ್ನೊ ಮೇಷ್ಟ್ರು!"

"ಛೆ, ಅವರೆಲ್ಲಾದ್ರೂ ಉಂಟಾ?"

"ಕೆಳಗೆ ಓದು, ಕಲಿಯೋದನ್ನ ಬಿಡಬಾರದಂತೆ. ಇನ್ಯಾರಿಗೆ ಅನ್ನುತ್ತೆ ಈ ಮಾತು? ಬರೆದೋನು ಯಾರು? ಅವರ ಶಿಷ್ಯನೇ. ಶಿಷ್ಯನೇ ಬರೆದ ಮೇಲೆ ಸುಳ್ಳಿರುತ್ತಾ?"

ಆ ಕೊನೆಯ ಮಾತನ್ನೇ ಊರೆಲ್ಲ ನಂಬಿತು. ಬಾಸ್ತಿಯೆನ್ ಪಾಪ ಮಾರನೆಯ ಬೆಳಗ್ಗೆ ಕಿತ್ತು ತಂದು ನನಗೆ ಕೊಟ್ಟ, ಆದರೆ ನೋಡಬೇಕಾದವರೆಲ್ಲ ನೋಡಿ ಆಗಿತ್ತು.

ಹೆಂಗಸರು ಕಟ್ಟೆಯಲ್ಲಿ ಅವರನ್ನು ಕಂಡರೆ ಲಂಗ ಇಳಿಬಿಟ್ಟುಕೊಳ್ಳುತ್ತಾರೆ. ಮಕ್ಕಳು ಹಿಂದೆ ಕುಂಟಿಕೊಂಡು ಹೋಗುತ್ತಾರೆ. ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರು, ಈಗ ಹನ್ನೊಂದು. ಶಾಲಾ ಸಮಿತಿ ಜೂನ್ ಇಪ್ಪತ್ತೇಳಕ್ಕೆ ಕೂಡುತ್ತದೆ. ತೆಗೆದುಹಾಕಿದರೆ ಶಾಲೆಯ ಮೇಲೆ ಅವರು ವಾಸವಿರುವ ಆ ಒಂದು ಕೋಣೆಯೂ ಹೋಯಿತು. ಸಮಿತಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿರುವವನು ಯಾರು ಗೊತ್ತೇ? ವೋದ್ರಾನ್. "ನಮ್ಮ ಹೆಣ್ಣುಮಕ್ಕಳ ಮಾನದ ಪ್ರಶ್ನೆ" ಅನ್ನುತ್ತಾನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ.

ನಾನು ಏನು ಮಾಡಿದೆ ಕೇಳು. ಅಂಗಡಿಯಲ್ಲಿ ಹೆಂಗಸರು ಅವರನ್ನು ಆಡಿಕೊಳ್ಳುವಾಗ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಹಿಡಿದು ಸುಮ್ಮನಿದ್ದೆ. ನಿಜ ಹೇಳಿದರೆ ಜೆಲಿಯ ಹೆಸರು ಬೀದಿಗೆ ಬರುತ್ತದೆ. ಅದು ನೆವ ಅಂತಲೂ ನನಗೆ ಗೊತ್ತು. ವೋದ್ರಾನ್ ಮನೆಯ ಮೇಜುಬಟ್ಟೆ ಆಗ ನನ್ನ ಕೈಯಲ್ಲೇ ಇತ್ತು. ನಾಚಿಕೆಯಾಯಿತು, ಆದರೂ ಬಾಯಿ ತೆರೆಯಲಿಲ್ಲ.

ಮೇಷ್ಟ್ರು ಕಾಲರ್ ತರುವುದನ್ನು ನಿಲ್ಲಿಸಿದ್ದಾರೆ. ನನ್ನ ಅಂಗಡಿಗೆ ಕೆಟ್ಟ ಹೆಸರು ಬರಬಾರದು ಅಂತ ಇರಬೇಕು.

ನೀನು ಬರೆದದ್ದು ವೋದ್ರಾನನನ್ನು ತಾನೇ? ಹಾಗಾದರೆ ಬಲಗಾಲು ಯಾಕೆ?

ಸೊಲಾಂಜ್


ಪ್ಯಾರಿಸ್, ೨೦ ಮೇ ೧೮೪೨

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾನು ಬರೆದದ್ದು ವೋದ್ರಾನನನ್ನೇ. ತಪ್ಪು ಕಲ್ಲಿನದು.

ಕಲ್ಲಚ್ಚಿನಲ್ಲಿ ನಾವು ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ನೇರ ಬರೆಯುತ್ತೇವೆ. ಕಾಗದ ಒತ್ತಿ ಎತ್ತಿದಾಗ ಚಿತ್ರ ಮಗ್ಗುಲು ಬದಲಿಸುತ್ತದೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕಾಗಿ ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ತಿರುಗಿಸಿ ಬರೆಯಬೇಕು. ಅವಸರದಲ್ಲಿ ಮರೆತೆ. ನಾನು ಕಲ್ಲಿನ ಮೇಲೆ ಬರೆದದ್ದು ಎಡಗಾಲು ಕುಂಟುವವನನ್ನು, ಕಾಗದದ ಮೇಲೆ ಬಂದದ್ದು ಬಲಗಾಲಿನವನು. ಎಷ್ಟೋ ಜನ ಬರೆದ ಚಿತ್ರಗಳಲ್ಲಿ ಸೈನಿಕರು ಎಡಗೈಯಲ್ಲಿ ಕತ್ತಿ ಹಿಡಿದಿರುತ್ತಾರೆ. ನಮ್ಮ ಕಸುಬಿನಲ್ಲಿ ಇದು ದಿನವೂ ಆಗುವ ತಪ್ಪು.

ನಂಬಿಕೆ ಬರದಿದ್ದರೆ ಚಿತ್ರವನ್ನು ಕನ್ನಡಿಗೆ ಹಿಡಿದು ನೋಡು. ಒಳಗೆ ಕಾಣುವುದೇ ನಾನು ಬರೆದದ್ದು. ವೋದ್ರಾನ್ ನಿಂತಿರುತ್ತಾನೆ.

ಮೇಷ್ಟ್ರಿಗೆ ಹೇಳು, ಅವರ ಫಿರ್ಮಿನ್ ಹಾಗೆಲ್ಲ ಮಾಡುವವನಲ್ಲ. ನನಗೆ ಅಕ್ಷರ ಕಲಿಸಿದವರು. ಅಪ್ಪ ಅಮ್ಮ ತೀರಿಕೊಂಡ ವರ್ಷ ದಿನವೂ ಸಂಜೆ ನಮ್ಮ ಮನೆಗೆ ಬಂದು ಓದಿಸಿದವರು. ಅವರನ್ನು ನಾನು ಹಾಗೆ ಬರೆಯುತ್ತೇನೆಯೇ?

ಫಿರ್ಮಿನ್


ಕ್ಲಾಮ್ಸಿ, ೧ ಜೂನ್ ೧೮೪೨

ತಮ್ಮಾ,

ನಿನ್ನ ಕಾಗದ ಬಂದ ಗಳಿಗೆಯಲ್ಲೇ ಕನ್ನಡಿಗೆ ಹಿಡಿದೆ. ಕಾಲು ಬದಲಾಯಿತು! ಅಲ್ಲೇ ಕುಳಿತು ಅತ್ತುಬಿಟ್ಟೆ. ಎರಡು ವಾರದಿಂದ ನಿನ್ನ ಬಗ್ಗೆ ಏನೇನೋ ಯೋಚಿಸಿದ್ದೆ, ಕ್ಷಮಿಸು.

ಈಗ ಒಂದು ಕೆಲಸ ಮಾಡು. ಕಲ್ಲಿನ ವಿಷಯವನ್ನು ನೀನೇ ಸಮಿತಿಗೆ ಬರೆ. ಕಾಗದಕ್ಕಿಂತ ನೀನೇ ಬಂದು ನಿಂತು ಹೇಳಿದರೆ ಇನ್ನೂ ಒಳ್ಳೆಯದು. ಇಪ್ಪತ್ತೇಳಕ್ಕೆ ಇನ್ನೂ ಸಮಯವಿದೆ. ಜೆಲಿಯ ಹೆಸರು ಎತ್ತುವುದು ಬೇಕಿಲ್ಲ, ಕಾಲು ಯಾವುದು ಅಂತ ಹೇಳಿದರೆ ಸಾಕು. ಹಂದಿಕರುಳಿನ ಸಾಸೇಜು ಮಾಡಿಡುತ್ತೇನೆ, ಬಾ.

ಸೊಲಾಂಜ್


ಪ್ಯಾರಿಸ್, ೧೦ ಜೂನ್ ೧೮೪೨

ಅಕ್ಕಾ,

ಬರಲಾಗುವುದಿಲ್ಲ. ವಾರಕ್ಕೆ ಎರಡು ಕಲ್ಲು ಮುಗಿಸಬೇಕು. ಬರೆದುಕೊಡುವುದೂ ಕಷ್ಟ. ಅದು ವೋದ್ರಾನ್ ಅಂತ ನಾನೇ ಸಹಿ ಹಾಕಿದರೆ ಅವನು ಮಾನನಷ್ಟದ ಕೇಸು ಹಾಕುತ್ತಾನೆ. ಯಜಮಾನರು ನನ್ನನ್ನು ಕೈಬಿಡುತ್ತಾರೆ. ಹಿಂದೆ ನಮ್ಮ ಕಸುಬಿನವರೇ ಒಬ್ಬರು ಆರು ತಿಂಗಳು ಜೈಲಿನಲ್ಲಿದ್ದು ಬಂದರು.

ಕನ್ನಡಿ ಸಾಕು. ಯಾರಿಗೆ ತೋರಿಸಿದರೂ ಅರ್ಥವಾಗುತ್ತದೆ. ನೀನು ನನಗಿಂತ ಧೈರ್ಯವಂತೆ.

ಫಿರ್ಮಿನ್


ಕ್ಲಾಮ್ಸಿ, ೨೯ ಜೂನ್ ೧೮೪೨

ಫಿರ್ಮಿನ್,

ಸೋಮವಾರ ಸಮಿತಿ ಕೂಡಿತು. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಹೆಂಗಸರನ್ನು ಒಳಗೆ ಬಿಡುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಮೇಯರ್ ಸಾಹೇಬರ ಮೂರು ಬಣ್ಣದ ನಡುಪಟ್ಟಿಯನ್ನು ಶನಿವಾರವೇ ಇಸ್ತ್ರಿ ಮಾಡಿದ್ದರೂ ಕೊಡದೆ ಇಟ್ಟುಕೊಂಡಿದ್ದೆ. ಸಭೆ ಶುರುವಾದ ಮೇಲೆ ಅದನ್ನು ತೋಳಿನ ಮೇಲೆ ಹಾಕಿಕೊಂಡು, ಅಂಗಡಿಯ ಕನ್ನಡಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದೆ. ಮೇಯರ್, ಪಾದ್ರಿಗಳು, ವೋದ್ರಾನ್, ಇನ್ನಿಬ್ಬರು. ವೋದ್ರಾನ್ ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದ. ಮೇಷ್ಟ್ರನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು, ಕುರ್ಚಿ ಕೊಟ್ಟಿರಲಿಲ್ಲ.

"ಪಟ್ಟಿ ಅಲ್ಲಿಟ್ಟು ಹೋಗಮ್ಮ ಸೊಲಾಂಜ್," ಅಂದರು ಮೇಯರ್.

"ಇಡ್ತೀನಿ ಸ್ವಾಮಿ. ಒಂದು ನಿಮಿಷ ಈ ಕನ್ನಡಿ ನೋಡಿ."

"ನನ್ನ ಮೂತಿ ನಂಗೊತ್ತು ಕಣಮ್ಮ."

"ನಿಮ್ಮದಲ್ಲ ಸ್ವಾಮಿ, ಬೇರೆಯವರದು ನೋಡ್ಬೇಕು."

ಕಲ್ಲು ಹೇಗೆ ಚಿತ್ರವನ್ನು ತಿರುಗಿಸುತ್ತದೆ ಅಂತ ನೀನು ಬರೆದ ಹಾಗೆಯೇ ಹೇಳಿದೆ. ಆಮೇಲೆ ಮೇಜಿನ ಮೇಲೆ ಕನ್ನಡಿ ನಿಲ್ಲಿಸಿ ಚಿತ್ರ ಹಿಡಿದೆ. ಎಲ್ಲರೂ ಬಗ್ಗಿದರು. ಕನ್ನಡಿಯಲ್ಲಿ ಎಡಗಾಲು. ಪಕ್ಕದಲ್ಲೇ ಸ್ಟೂಲಿನ ಮೇಲೆ ಇನ್ನೊಂದು ಎಡಗಾಲು. ಎಲ್ಲರ ಕಣ್ಣೂ ಸ್ಟೂಲಿನ ಕಡೆ ಹೋಯಿತು. ನಾನು ಯಾರ ಹೆಸರೂ ಹೇಳಲಿಲ್ಲ.

ವೋದ್ರಾನ್ ಬೀಟ್‌ರೂಟಿನ ಹಾಗೆ ಕೆಂಪಾದ. "ಆ ಜೆಲಿ ಹೇಳೋದೆಲ್ಲ ಶುದ್ಧ ಸುಳ್ಳು!" ಅಂತ ಕೂಗಿದ.

ಪಾದ್ರಿಗಳು ಮೆಲ್ಲಗೆ, "ಯಾವ ಜೆಲಿ, ವೋದ್ರಾನ್? ಇಲ್ಲಿ ಯಾರೂ ಹುಡುಗಿ ಹೆಸರು ಎತ್ತಲಿಲ್ವಲ್ಲ?" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿಗೆ ಮುಗಿಯಿತು. ಅವನು ಆರೋಗ್ಯ ಸರಿಯಿಲ್ಲ ಅಂತ ಸಮಿತಿ ಬಿಟ್ಟಿದ್ದಾನೆ. ಮೇಷ್ಟ್ರ ಕೆಲಸ ಉಳಿಯಿತು. ಮೇಯರ್ ಎದ್ದು ಅವರ ಕೈ ಕುಲುಕಿದರು. ನಿನ್ನೆ ಜೆಲಿ ನಾಲ್ಕು ತಿಂಗಳ ಮೇಲೆ ಮೊದಲ ಸಲ ಕಟ್ಟೆಗೆ ಹೋದಳು. ಅವನ ಮನೆಯ ಬಟ್ಟೆ ಇನ್ನು ನನಗೆ ಬರುವುದಿಲ್ಲ, ಬೇಡವೂ ಬೇಡ.

ಇನ್ನೊಂದು ವಿಷಯ ಇದೆ. ನಾನು ಇಪ್ಪತ್ತು ವರ್ಷದಿಂದ ಗಂಡಸರ ಬಟ್ಟೆ ಇಸ್ತ್ರಿ ಮಾಡುತ್ತಿದ್ದೇನೆ. ವೇಸ್ಟ್‌ಕೋಟಿನ ಗುಂಡಿ ಯಾವ ಮಗ್ಗುಲಿಗೆ ಇರುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅಂಗಡಿಯಲ್ಲಿ ನೋಡಿದಾಗ ಕಾಲನ್ನು ಮಾತ್ರ ನೋಡಿದ್ದೆ. ಅವತ್ತು ಐದು ಜನ ಬಗ್ಗಿ ನೋಡುತ್ತಿರುವಾಗ ನನ್ನ ಕಣ್ಣು ಮೇಲೆ ಹೋಯಿತು. ಕನ್ನಡಿಯೊಳಗಿನವನ ಗುಂಡಿಗಳು ತಪ್ಪು ಮಗ್ಗುಲಿಗಿದ್ದವು. ಕಾಗದದ ಮೇಲಿನವನ ಗುಂಡಿಗಳು ಸರಿಯಾಗಿದ್ದವು.

ಕಲ್ಲು ಕಾಲನ್ನು ತಿರುಗಿಸಿ ಗುಂಡಿಯನ್ನು ಹಾಗೇ ಬಿಡುತ್ತದೆಯೇ, ಫಿರ್ಮಿನ್? ನೀನು ಕನ್ನಡಿ ಇಟ್ಟುಕೊಂಡು, ತಿರುಗಿಸಿ, ಸರಿಯಾಗಿಯೇ ಬರೆದಿದ್ದೀಯ. ಬಲಗಾಲು ಬೇಕು ಅಂತಲೇ ಬರೆದಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಕಲ್ಲು ಡೊಂಕು ಅಂದೆ.

ಗೊತ್ತಾದ ಮೇಲೂ ನಾನು ಚಿತ್ರವನ್ನು ಇಳಿಸಲಿಲ್ಲ. ಕನ್ನಡಿಗೆ ಹಿಡಿದುಕೊಂಡೇ ಇದ್ದೆ.

ಸೊಲಾಂಜ್


ಪ್ಯಾರಿಸ್, ೪ ಸೆಪ್ಟೆಂಬರ್ ೧೮೪೨

ಅಕ್ಕಾ,

ಎರಡು ತಿಂಗಳಾಯಿತು. ಎಂಟು ಸಲ ಬರೆದು ಹರಿದೆ. ಇದನ್ನಾದರೂ ಹರಿಯದೆ ಕಳಿಸುತ್ತೇನೆ.

ವೋದ್ರಾನನ ಮುಖ ನನಗೆ ನೆನಪೇ ಇರಲಿಲ್ಲ. ಊರು ಬಿಟ್ಟು ಹನ್ನೆರಡು ವರ್ಷವಾಯಿತು. ಮೊದಲು ಬರೆದ ಕರಡಿನಲ್ಲಿ ದಪ್ಪ ಹೊಟ್ಟೆಯ ಸಾಹುಕಾರನೊಬ್ಬ ಸೌದೆ ಸಂದಿಯಲ್ಲಿ ನಿಂತಿದ್ದ. ಯಜಮಾನರು ನೋಡಿ, "ಇದ್ರಲ್ಲಿ ನಗೋಕೆ ಏನಿದೆಯಯ್ಯ? ಗೂಟ ನೆಟ್ಟಂಗಿದ್ದಾನೆ," ಅಂತ ಬಿಸಾಡಿದರು. ಮಾರನೆಯ ದಿನ ಬೆಳಗ್ಗೆ ಕಲ್ಲು ಕೊಡಬೇಕಿತ್ತು. ನನಗೆ ಬಾಯಿಪಾಠವಾಗಿದ್ದ ಕುಂಟು ನಡಿಗೆ ಲೋಕದಲ್ಲಿ ಒಂದೇ ಒಂದು.

ನಿನಗೆ ಹೇಳದ ಒಂದು ಸಂಗತಿ ಇದೆ. ಒಂಬತ್ತು ವರ್ಷದವನಿದ್ದಾಗ ಸಂತೆ ಬೀದಿಯಲ್ಲಿ ಮೇಷ್ಟ್ರ ಹಿಂದೆ ಅವರ ಹಾಗೆ ಕುಂಟಿಕೊಂಡು ಹೋದೆ. ಎಲ್ಲರೂ ನಗುತ್ತಿದ್ದರು. ಅವರು ಗಕ್ಕನೆ ತಿರುಗಿದರು. ಹೊಡೆಯುತ್ತಾರೆ ಅಂದುಕೊಂಡೆ. ಅವರು ಸ್ವಲ್ಪ ಹೊತ್ತು ನೋಡಿ, "ಬಲಭುಜ ಅಲ್ಲ ಕಣೋ, ಎಡಭುಜ ಇಳೀಬೇಕು. ಕೈ ತೊಡೆ ಮೇಲಿರಲಿ. ಮಾಡೋದಾದ್ರೆ ಸರಿಯಾಗಿ ಮಾಡು," ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಆ ಸಂಜೆಯೇ ನನಗೆ ಮೊದಲ ಬಳಪ ಕೊಟ್ಟರು.

ಅವರು ಹೇಳಿಕೊಟ್ಟ ಹಾಗೆಯೇ ಬರೆದಿದ್ದೇನೆ. ಎಡಭುಜ ಇಳಿಸಿದ್ದೇನೆ.

ಪರೀಕ್ಷೆಗೆ ತೆಗೆದ ಮೊದಲ ಪ್ರತಿ ಕೈಗೆ ಬಂದಾಗ ಬೆಳಕಿಗೆ ಒಯ್ದು ನೋಡಿದೆ. ಮೇಷ್ಟ್ರೇ ನಿಂತಿದ್ದರು. ತಡೆಯಬಹುದಿತ್ತು, ಇನ್ನೂ ಒಂದು ದಿನ ಇತ್ತು. ಪ್ಯಾರಿಸ್ಸಿನಲ್ಲಿ ಅವರನ್ನು ಯಾರು ಬಲ್ಲರು ಅಂದುಕೊಂಡೆ. ಚಿತ್ರ ತುಂಬ ಚೆನ್ನಾಗಿತ್ತು ಅಕ್ಕಾ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಕಿಟಕಿಯ ಮುಂದೆ ಜನ ನಗುವಾಗ ನಾನು ಗುಂಪಿನಲ್ಲಿ ನಿಂತಿದ್ದೆ ಅಂತ ಬರೆದಿದ್ದೆನಲ್ಲ, ನಾನೂ ನಕ್ಕಿದ್ದೆ.

ಇದರ ಜೊತೆ ಸಮಿತಿಗೊಂದು ಕಾಗದ ಇಟ್ಟಿದ್ದೇನೆ. ನಿಜವನ್ನೆಲ್ಲ ಬರೆದು ಸಹಿ ಹಾಕಿದ್ದೇನೆ. ಜೈಲಾದರೂ ಸರಿ, ಓದಿಬಿಡು. ನನಗೆ ಈ ಭಾರ ಇಳಿದರೆ ಸಾಕು.

ಫಿರ್ಮಿನ್


ಕ್ಲಾಮ್ಸಿ, ೨೧ ಸೆಪ್ಟೆಂಬರ್ ೧೮೪೨

ಫಿರ್ಮಿನ್,

ಸಮಿತಿಗೆ ಬರೆದ ಕಾಗದವನ್ನು ಒಲೆಗೆ ಹಾಕಿದೆ. ಚಿತ್ರದಲ್ಲಿರುವವರು ಮೇಷ್ಟ್ರೇ ಅಂತ ಈಗ ನೀನು ಸಾರಿದರೆ ಗೆಲ್ಲುವವನು ವೋದ್ರಾನ್. ಮೇಷ್ಟ್ರು ಮತ್ತೆ ಬಾಗಿಲ ಹತ್ತಿರ ನಿಲ್ಲಬೇಕು, ಜೆಲಿ ಸುಳ್ಳಿಯಾಗಬೇಕು. ನಿನಗೆ ಮಾತ್ರ ಭಾರ ಇಳಿಯುತ್ತದೆ. ಆ ಸುಳ್ಳನ್ನು ನೀನು ಕಟ್ಟಿದೆ, ನಾನು ಹೊತ್ತೆ. ಇಬ್ಬರೂ ಹೊರೋಣ.

ಮೇಷ್ಟ್ರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಸಭೆಯಾದ ವಾರಕ್ಕೆ ಅಂಗಡಿಗೆ ಬಂದು, "ಆ ಚಿತ್ರ ಒಂದ್ಸಲ ತೋರಿಸ್ತೀಯಾ?" ಅಂದರು. ಅಲ್ಲಿಯತನಕ ಅವರು ಅದನ್ನು ನೋಡಿಯೇ ಇರಲಿಲ್ಲವಂತೆ. ನಾನು ಕನ್ನಡಿ ತರಲು ಎದ್ದೆ. "ಅದು ಬೇಡ," ಅಂದರು. ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು.

"ಎಡಭುಜ ಸರಿಯಾಗಿ ಇಳಿಸಿದ್ದಾನೆ," ಅಂದರು. ಆಗ ನನಗೆ ಅದರ ಅರ್ಥ ಆಗಲಿಲ್ಲ. ಆಮೇಲೆ, "ನಾನು ನಡೆಯೋವಾಗ ಹೀಗೆ ಕಾಣ್ತೀನಿ ಅಂತ ಗೊತ್ತಿರ್ಲಿಲ್ಲ ಸೊಲಾಂಜ್. ನಗು ಬರೋ ಹಾಗೇ ಇದೆ," ಅಂದರು. ಮಡಿಸಿ ನನ್ನ ಕೈಗೆ ಕೊಟ್ಟು, "ಹುಡುಗನ ಕೈ ತುಂಬಾ ಪಳಗಿದೆ," ಅಂದರು. ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಅದನ್ನು ಕೇಳಿಸಿಕೊಂಡು ನಾನು ಭೂಮಿಗಿಳಿದು ಹೋದೆ.

ಈಗ ಅವರು ಬೀದಿಯ ಮಧ್ಯೆ ನಡೆಯುವುದಿಲ್ಲ. ಗೋಡೆಯ ಬದಿಗೇ ಸರಿದು, ಜನ ಕಡಿಮೆಯಿರುವಾಗ ಹೋಗುತ್ತಾರೆ. ಯಾರಾದರೂ ಹಿಂದೆ ಬರುವುದು ಕೇಳಿಸಿದರೆ ನಿಂತು ಅವರನ್ನು ಮುಂದೆ ಬಿಡುತ್ತಾರೆ.

ನಿನ್ನಿಂದ ನನಗೆ ಒಂದೇ ಒಂದು ಬೇಕು. ನವೆಂಬರ್ ಹದಿನೈದು, ಮಂಗಳವಾರ, ಬೆಳಗ್ಗೆ ಹತ್ತಕ್ಕೆ ಶಾಲೆಯ ಬಾಗಿಲಿಗೆ ಬಾ. ಕ್ಷಮೆ ಕೇಳುವುದು ಬೇಡ. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವ ಹಾಗೆ, ಅವರ ಪಕ್ಕದಲ್ಲಿ ಪುರಸಭೆಯತನಕ ನಡೆ. ಅವರ ಹೆಜ್ಜೆಗೆ ಹೆಜ್ಜೆ ಹಾಕು. ಅಷ್ಟೇ. ಅವತ್ತು ಏನಿದೆ ಅಂತ ಕೇಳಬೇಡ.

ಸೊಲಾಂಜ್


ಪ್ಯಾರಿಸ್, ೧೮ ನವೆಂಬರ್ ೧೮೪೨

ಅಕ್ಕಾ,

ಕ್ಷಮಿಸು. ಹೊರಡಲೆಂದೇ ಬಟ್ಟೆ ಗಂಟು ಕಟ್ಟಿದ್ದೆ. ನಮ್ಮೂರಿಗೆ ಬರುವ ಒಸೇರ್ ಕಡೆಯ ಟಪಾಲು ಗಾಡಿಯಲ್ಲಿ ಜಾಗ ಸಿಗಲಿಲ್ಲ. ಮೇಲ್ಗಡೆ ಕೂರುತ್ತೇನೆಂದರೂ ಆಗುವುದಿಲ್ಲ ಅಂದರು. ಮಳೆ ಬೇರೆ. ಕ್ರಿಸ್‌ಮಸ್ಸಿಗೆ ಖಂಡಿತ ಬರುತ್ತೇನೆ, ಆಗ ಮೇಷ್ಟ್ರ ಜೊತೆ ಎಷ್ಟು ದೂರ ಬೇಕಾದರೂ ನಡೆಯುತ್ತೇನೆ. ಅವರು ಕಾದಿದ್ದರೇ?

ಫಿರ್ಮಿನ್


ಕ್ಲಾಮ್ಸಿ, ೨೭ ನವೆಂಬರ್ ೧೮೪೨

ಫಿರ್ಮಿನ್,

ಇಲ್ಲಿ ಅವತ್ತು ಮಳೆ ಇರಲಿಲ್ಲ. ಬಿಸಿಲಿತ್ತು, ಅದು ನಿನಗೂ ಗೊತ್ತು.

ನೀನು ಬೂದು ಬಣ್ಣದ ನಿಲುವಂಗಿ ಹಾಕಿಕೊಂಡು ಸೇತುವೆಯ ಅರ್ಧದತನಕ ಬಂದಿದ್ದೆ. ಹತ್ತು ಹೊಡೆದು ಸ್ವಲ್ಪ ಹೊತ್ತಾಗಿತ್ತು. ನಾವು ನಿನಗಾಗಿ ಕಾದು, ಇನ್ನು ತಡವಾಗುತ್ತದೆ ಅಂತ ಶಾಲೆಯಿಂದ ಹೊರ ಬಂದಿದ್ದೆವು. ಮೇಷ್ಟ್ರು ಮುಂದೆ, ನಾನು ಪಕ್ಕದಲ್ಲಿ, ಹಿಂದೆ ಜೆಲಿ, ಬಾಸ್ತಿಯೆನ್, ಅಕ್ಕಪಕ್ಕದವರು ಹತ್ತಾರು ಜನ. ಮೇಷ್ಟ್ರು ಅವತ್ತು ಗೋಡೆ ಬಿಟ್ಟು ಬೀದಿಯ ನಡುವೆ ನಡೆಯುತ್ತಿದ್ದರು. ನೀನು ಅವರನ್ನು ನೋಡಿದೆ, ನಿಂತೆ. ಕಾಲರ್ ಎತ್ತಿಕೊಂಡು ಗಿರಕ್ಕನೆ ತಿರುಗಿ ಗಾಡಿ ನಿಲ್ಲುವ ಕಡೆಗೆ ಹೋದೆ.

ನನಗಿಂತ ಮೊದಲು ಕಂಡದ್ದು ಅವರಿಗೇ. "ಅಗೋ, ನಮ್ಮ ಫಿರ್ಮಿನ್," ಅಂದರು. ಅಷ್ಟರಲ್ಲಿ ನೀನು ತಿರುಗಿದ್ದೆ. ನಾನು ನಿನ್ನ ಹೆಸರು ಕೂಗಲು ಬಾಯಿ ತೆರೆದೆ. ಅವರು ನನ್ನ ತೋಳು ಹಿಡಿದರು.

"ಕೂಗಬೇಡ ಸೊಲಾಂಜ್. ಎಲ್ಲರೂ ತಿರುಗಿ ಅವನ್ನ ನೋಡ್ತಾರೆ."

ಅವತ್ತು ನಮ್ಮ ಮದುವೆ, ಫಿರ್ಮಿನ್. ವಸಂತದಲ್ಲೇ ಮಾತಾಗಿತ್ತು, ನಿನ್ನ ಚಿತ್ರ ಬಂದ ಮೇಲೆ ಅವರು, "ಈ ಹೆಸರು ಇಟ್ಕೊಂಡು ನಿನ್ನ ಹೇಗೆ ಕರ್ಕೊಂಡು ಹೋಗ್ಲಿ," ಅಂತ ಹಿಂದೆ ಸರಿದಿದ್ದರು. ಸೆಪ್ಟೆಂಬರಿನಲ್ಲಿ ನಾನೇ ಹೋಗಿ ಕೇಳಿದೆ. ನಿನಗೆ ಮೊದಲೇ ತಿಳಿಸಬಹುದಿತ್ತು. ತಿಳಿಸಿದ್ದರೆ ಅಕ್ಕನ ಮದುವೆ ಅಂತ ನನಗಾಗಿ ಬರುತ್ತಿದ್ದೆ. ಅವರಿಗಾಗಿ ಬರುತ್ತೀಯಾ ಅಂತ ನೋಡಬೇಕಿತ್ತು. ಹಾಗೆ ಪರೀಕ್ಷೆ ಮಾಡಿದ್ದು ನನ್ನದೂ ತಪ್ಪೇ, ಅದಕ್ಕಾಗಿ ನಾನೂ ನಾಚಿಕೊಂಡಿದ್ದೇನೆ.

ಪುರಸಭೆಯಲ್ಲಿ ಮೇಯರ್ ಪುಸ್ತಕ ತೆರೆದು, ವರನ ಕಡೆಯ ಸಾಕ್ಷಿ ಯಾರು ಬಂದಿದ್ದಾರೆ ಅಂತ ಕೇಳಿದರು. ಮೇಷ್ಟ್ರು ನನಗೂ ಹೇಳದೆ ಒಂದು ವಾರ ಮೊದಲೇ ಅಲ್ಲಿ ನಿನ್ನ ಹೆಸರು ಬರೆಸಿದ್ದರು. "ಶಿಷ್ಯ, ಚಿತ್ರಕಾರ, ಪ್ಯಾರಿಸ್" ಅಂತ ಇತ್ತು. ಮೇಯರ್ ಅದನ್ನು ಗಟ್ಟಿಯಾಗಿ ಓದಿ ಸುತ್ತ ನೋಡಿದರು. ಮೇಷ್ಟ್ರು, "ಅವನಿಗೆ ಗಾಡೀಲಿ ಜಾಗ ಸಿಕ್ಕಿರ್ಲಿಕ್ಕಿಲ್ಲ," ಅಂದರು.

ಮೇಯರ್ ನಿನ್ನ ಹೆಸರಿನ ಮೇಲೆ ಗೆರೆ ಎಳೆದರು. ಬಾಸ್ತಿಯೆನ್ ಸಾಕ್ಷಿಗೆ ನಿಂತ. ಅವನಿಗೆ ಸಹಿ ಬಾರದು.

ಸೊಲಾಂಜ್ ಗಾರ್ನೊ